ಆನ್‌ಲೈನ್ ಆಟದ ಅವತಾರ ನೋಡಿ ಅದರ ಹಿಂದಿರುವವರನ್ನು ಅಳೆಯಬಹುದೇ?

ಅಳೆಯುತ್ತೇವೆ, ಆದರೆ ಅಳತೆ ಸಾಮಾನ್ಯವಾಗಿ ತಪ್ಪುತ್ತದೆ. ಹೆಣ್ಣಿನ ರೂಪ ಕಂಡೊಡನೆ ಕೇಳದಿದ್ದರೂ ಸಲಹೆ ಕೊಡಲು ಮುನ್ನುಗ್ಗುವವರಿಗೆ ಕೊರತೆಯಿಲ್ಲ. ಆ ರೂಪ ತೊಟ್ಟವರಲ್ಲಿ ಗಂಡಸರೂ ಧಾರಾಳವಾಗಿದ್ದಾರೆ!

ನಾರ್ವೆಯ ಮ್ಯಾಟ್ಸ್ ಸ್ಟೀನ್ ಅವರನ್ನೇ ನೋಡಿ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟದಲ್ಲಿ ಅವರು ಐಬೆಲಿನ್ ಎಂಬ ಕಟ್ಟುಮಸ್ತಾದ ಪತ್ತೇದಾರ, ಓಡುವುದೆಂದರೆ ಇಷ್ಟ. ಆಟದ ಹೊರಗೆ ಸ್ನಾಯುಗಳನ್ನು ಕ್ಷಯಿಸುವ ಡುಶೇನ್ ಕಾಯಿಲೆ, ಗಾಲಿಕುರ್ಚಿ. ಆಟದ ಗೆಳೆಯರಿಗೆ ಇದು ಬಹುಕಾಲ ತಿಳಿದಿರಲಿಲ್ಲ. ಹಾಗೆಂದು ಸುಳ್ಳು ವೇಷ ಎನ್ನುವುದು ಅನ್ಯಾಯ. ಆ ಗೆಳೆಯರ ಕಷ್ಟಕ್ಕೆ ಕಿವಿಯಾಗುತ್ತಿದ್ದ ಐಬೆಲಿನ್ ಮ್ಯಾಟ್ಸ್ ಅವರೇ.

ವಿಚಿತ್ರವೆಂದರೆ ಹೆತ್ತವರ ಊಹೆಯೂ ತಪ್ಪಿತ್ತು. ಮಗ ಒಂಟಿಯೆಂದೇ ನಂಬಿದ್ದರು. 2014ರಲ್ಲಿ, 25ನೇ ವಯಸ್ಸಿನಲ್ಲಿ ಮ್ಯಾಟ್ಸ್ ತೀರಿಕೊಂಡ ಸುದ್ದಿಯನ್ನು ಅವರ ಬ್ಲಾಗ್‌ನಲ್ಲಿ ಹಾಕಿದಾಗ ಹಲವು ದೇಶಗಳಿಂದ ಸಂತಾಪದ ಪತ್ರಗಳು ಬಂದವು. ಕೆಲವು ಗೆಳೆಯರು ಅಂತ್ಯಕ್ರಿಯೆಗೇ ಬಂದರು.