ಪಿಕಪ್ ಕೊಳ್ಳುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಟೊಮೆಟೊ ಮಂಡಿಗೆ ಸಾಗಿಸಲು ಹೊಸ ಡೀಸೆಲ್ ಪಿಕಪ್ ನೋಡಿದ್ದೇನೆ. ಕೊಟೇಶನ್‌ನಲ್ಲಿ ಎಕ್ಸ್ ಶೋರೂಂ 9,60,000 ರೂ. ಇದೆ. ಅದರ ಕೆಳಗೆ ಆರ್‌ಟಿಒ ತೆರಿಗೆ, ಇನ್ಶೂರೆನ್ಸ್ 61,000, ಹ್ಯಾಂಡ್ಲಿಂಗ್ 9,500, ಲಾಜಿಸ್ಟಿಕ್ಸ್ 6,000, ಆಕ್ಸೆಸರಿ ಕಿಟ್ 24,000, ಟಿಸಿಎಸ್ 9,600 ಎಂದು ಬರೆದಿದ್ದಾರೆ. ಎಲ್ಲ ಸೇರಿ ಒಂದೇ ಪ್ಯಾಕೇಜು, ಬಿಡಿಸಿ ಕೊಡುವುದಿಲ್ಲ ಎನ್ನುತ್ತಾರೆ. ಕೊಡಲೇಬೇಕಾದ್ದು ಯಾವುದು?
— ರೈತರು, ಚಿಂತಾಮಣಿ ತಾಲ್ಲೂಕು

ಉತ್ತರ: ಕೊಡಲೇಬೇಕಾದ್ದು ಮೂರೇ: ಎಕ್ಸ್ ಶೋರೂಂ ಬೆಲೆ, ಸರ್ಕಾರಕ್ಕೆ ಹೋಗುವ ತೆರಿಗೆ ಮತ್ತು ಶುಲ್ಕ, ವಿಮೆ. ಉಳಿದ ಪ್ರತಿ ಸಾಲಿಗೂ ಇದು ಯಾರಿಗೆ ಹೋಗುತ್ತದೆ, ರಸೀದಿ ಯಾರದು ಎಂದು ಕೇಳಿ.

ಹ್ಯಾಂಡ್ಲಿಂಗ್ ಎಂಬ ಸರ್ಕಾರಿ ಶುಲ್ಕ ಯಾವುದೂ ಇಲ್ಲ. ಯಾರ್ಡ್‌ನಿಂದ ಗಾಡಿ ತರುವುದು, ತೊಳೆಯುವುದು, ಡೆಲಿವರಿಗೆ ಮುಂಚಿನ ತಪಾಸಣೆ ಮಾಡುವುದು ಡೀಲರ್‌ನ ಕೆಲಸ. ಅದಕ್ಕೆಂದೇ ಎಕ್ಸ್ ಶೋರೂಂ ಬೆಲೆಯೊಳಗೆ ಡೀಲರ್ ಲಾಭಾಂಶ ಇರುತ್ತದೆ. ಲಾಜಿಸ್ಟಿಕ್ಸ್ ಎಂಬುದು ಅದನ್ನೇ ಇನ್ನೊಂದು ಹೆಸರಿನಲ್ಲಿ ಕೇಳುವುದು. ಎರಡನ್ನೂ ಹೊಡೆದುಹಾಕಲು ಹೇಳಿ.

ಟಿಸಿಎಸ್ ಎಂದರೆ ಮಾರುವಾಗಲೇ ಡೀಲರ್ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ಆ ಸಾಲು ನಿಮ್ಮ ಕೊಟೇಶನ್‌ನಲ್ಲಿ ಇರಲೇಬಾರದು. ವಾಹನದ ಬೆಲೆ 10 ಲಕ್ಷ ರೂ. ದಾಟಿದಾಗ ಮಾತ್ರ ಶೇ 1ರಷ್ಟು ಟಿಸಿಎಸ್ ಬರುತ್ತದೆ. ದಾಟಿದ ಗಾಡಿಯಾದರೂ ಅದು ಕಳೆದುಹೋಗುವ ಹಣವಲ್ಲ. ನಿಮ್ಮ ಪ್ಯಾನ್‌ಗೆ ಜಮಾ ಆಗುತ್ತದೆ, ಆದಾಯ ತೆರಿಗೆ ಪೋರ್ಟಲ್‌ನ ನಿಮ್ಮ ತೆರಿಗೆ ವಿವರಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್ ಸಲ್ಲಿಸಿ ಹಿಂಪಡೆಯಬಹುದು.

ಆರ್‌ಟಿಒ ಹೆಸರಿನಲ್ಲಿ ಒಂದೇ ದೊಡ್ಡ ಮೊತ್ತ ಬರೆದಿದ್ದರೆ ಬಿಡಿಸಿ ಬರೆಸಿಕೊಳ್ಳಿ. ಕೇಂದ್ರ ಮೋಟಾರು ವಾಹನ ನಿಯಮ 81ರ ಪ್ರಕಾರ ಲಘು ಸಾರಿಗೆ ವಾಹನದ ನೋಂದಣಿ ಶುಲ್ಕ 1,000 ರೂ., ಸಾಲವಿದ್ದರೆ ಹೈಪಾಥಿಕೇಶನ್ (ಸಾಲದ ಒತ್ತೆ) ನಮೂದಿಗೆ 1,500 ರೂ., ಸ್ಮಾರ್ಟ್ ಕಾರ್ಡ್‌ಗೆ 200 ರೂ. ಇದರ ಮೇಲೆ ರಾಜ್ಯದ ತೆರಿಗೆ. ಇವೆಲ್ಲ 'ವಾಹನ್' ಪೋರ್ಟಲ್‌ನ ರಸೀದಿಯಲ್ಲಿ ಒಂದೊಂದಾಗಿ ಮುದ್ರಣವಾಗುತ್ತವೆ. ಕೊಟೇಶನ್‌ನ ಮೊತ್ತಕ್ಕೂ ರಸೀದಿಯ ಮೊತ್ತಕ್ಕೂ ವ್ಯತ್ಯಾಸ ಬಂದರೆ ವಾಪಸ್ ಕೊಡುತ್ತೇವೆ ಎಂದು ಬುಕಿಂಗ್ ಫಾರಂ ಮೇಲೆಯೇ ಬರೆಸಿ, ಸಹಿ ಹಾಕಿಸಿಕೊಳ್ಳಿ.

ಹೆಚ್ಚು ಹಣ ಸೋರುವ ಜಾಗ ವಿಮೆ. ಪಾಲಿಸಿಯಲ್ಲಿ ಎರಡು ಭಾಗ. ಥರ್ಡ್ ಪಾರ್ಟಿ ದರವನ್ನು ಸರ್ಕಾರ ನಿಗದಿಪಡಿಸುತ್ತದೆ. 2022ರ ಜೂನ್‌ನಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ವಾಹನಕ್ಕೆ ಅದು 16,049 ರೂ. ಆ ಭಾಗದಲ್ಲಿ ಯಾವ ಕಂಪನಿಯೂ ರಿಯಾಯಿತಿ ಕೊಡಲಾರದು. ಇನ್ನೊಂದು ಭಾಗ ಸ್ವಂತ ಹಾನಿ, ಅಂದರೆ ಓಡಿ ಪ್ರೀಮಿಯಂ. ಕಂಪನಿಯಿಂದ ಕಂಪನಿಗೆ ಬದಲಾಗುವುದು ಇದೇ. ವಿಮೆಯನ್ನು ಶೋರೂಂನಲ್ಲೇ ಮಾಡಿಸಬೇಕೆಂಬ ಕಡ್ಡಾಯ ಇಲ್ಲ. ಚಾಸಿ ಮತ್ತು ಎಂಜಿನ್ ನಂಬರ್ ತೆಗೆದುಕೊಂಡು ಹೊರಗಿನ ಎರಡು ಕಡೆ ದರ ಕೇಳಿ, ಆ ಕಾಗದ ತೋರಿಸಿ; ಬಹುಪಾಲು ಶೋರೂಂಗಳು ಆಗ ತಾವೇ ಇಳಿಯುತ್ತವೆ.

ಆದರೆ ಅಗ್ಗದ ಕೊಟೇಶನ್ ಸಿಕ್ಕಿತೆಂದು ಕೂಡಲೇ ಒಪ್ಪಬೇಡಿ, ಎರಡು ವಿಷಯ ನೋಡಿ. ಐಡಿವಿ, ಅಂದರೆ ಗಾಡಿ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ವಿಮಾ ಕಂಪನಿ ಕೊಡುವ ಗರಿಷ್ಠ ಮೊತ್ತ, ಹೊಸ ಗಾಡಿಗೆ ಎಕ್ಸ್ ಶೋರೂಂ ಬೆಲೆಯ ಶೇ 95ರ ಆಸುಪಾಸಿನಲ್ಲಿರಬೇಕು. ಅದನ್ನು ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವವರಿದ್ದಾರೆ. ಎರಡನೆಯದು ಐಎಂಟಿ 23 ಎಂಬ ಹೆಚ್ಚುವರಿ ರಕ್ಷಣೆ. ಸರಕು ವಾಹನದ ಸಾಮಾನ್ಯ ಪಾಲಿಸಿಯಲ್ಲಿ ಲ್ಯಾಂಪು, ಟೈರು, ಮಡ್‌ಗಾರ್ಡು, ಬಾನೆಟ್ಟಿನ ಪಕ್ಕದ ಭಾಗ, ಬಂಪರು, ಪೇಂಟು ಇವಕ್ಕೆ ಹಾನಿಯಾದರೆ, ಗಾಡಿಯೇ ಪೂರ್ತಿ ಹಾಳಾದ ಹೊರತು, ಪರಿಹಾರ ಇಲ್ಲ. ಓಡಿ ಪ್ರೀಮಿಯಂ ಮೇಲೆ ಶೇ 15 ಹೆಚ್ಚು ಕೊಟ್ಟು ಐಎಂಟಿ 23 ಸೇರಿಸಿದರೆ ಮಾತ್ರ ಸಿಗುತ್ತದೆ. ಮಂಡಿಯ ಇಕ್ಕಟ್ಟಿನಲ್ಲಿ ಮೊದಲು ಒಡೆಯುವುದು ಬಂಪರು, ಲ್ಯಾಂಪುಗಳೇ. ಇದನ್ನು ಬಿಡಬೇಡಿ. ಮಾಲೀಕ-ಚಾಲಕರ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ನಿಮಗೆ ಬೇರೆಡೆ ಈಗಾಗಲೇ ಇದ್ದರೆ ಮತ್ತೆ ಅದಕ್ಕೆ ಹಣ ಕಟ್ಟಬೇಕಿಲ್ಲ.

ಆಕ್ಸೆಸರಿ ಕಿಟ್ ನಿಮ್ಮ ಇಷ್ಟ. ಸೀಟ್ ಕವರ್, ಮ್ಯಾಟು, ಟಾರ್ಪಾಲು, ಸೈಡ್ ಪೈಪುಗಳನ್ನು ಹೊರಗೆ ಮಾಡಿಸಬಹುದು. ಕಿಟ್ ತೆಗೆದುಕೊಳ್ಳದಿದ್ದರೆ ಗಾಡಿ ಎರಡು ತಿಂಗಳು ತಡ ಎಂದರೆ ಪಕ್ಕದ ಜಿಲ್ಲೆಯ ಡೀಲರ್ ಬಳಿಯೂ ಬರವಣಿಗೆಯಲ್ಲಿ ದರ ಕೇಳಿ. ಕೋಲಾರ, ಬೆಂಗಳೂರು ಗ್ರಾಮಾಂತರ ಎರಡೂ ನಿಮಗೆ ಹತ್ತಿರವೇ ಇವೆ.

ನಿಮ್ಮ ಕಾಗದದ ಲೆಕ್ಕದಲ್ಲಿ ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, ಕಿಟ್, ಟಿಸಿಎಸ್ ಸೇರಿ 49,100 ರೂ. ಆಗುತ್ತದೆ. ವಿಮೆಯ ಚೌಕಾಸಿ ಬೇರೆ.

ಪ್ರಶ್ನೆ: 2025ರಲ್ಲಿ ಜಿಎಸ್‌ಟಿ ಇಳಿಯಿತು. ಆದರೂ ಪಿಕಪ್ ಬೆಲೆ ಐದಾರು ವರ್ಷದ ಹಿಂದಿನದಕ್ಕಿಂತ ತುಂಬಾ ಹೆಚ್ಚು. ಡೀಲರ್ ನುಂಗುತ್ತಿದ್ದಾರೆಯೇ?
— ಹಾಲಿನ ವ್ಯಾಪಾರಿ, ಮಂಡ್ಯ

ಉತ್ತರ: ಏರಿಕೆಯ ದೊಡ್ಡ ಪಾಲು ಡೀಲರ್‌ನದಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್ 6 ಎಂಬ ಹೊಗೆ ನಿಯಂತ್ರಣ ನಿಯಮ ಬಂತು, 2023ರ ಏಪ್ರಿಲ್‌ನಲ್ಲಿ ಅದರ ಎರಡನೇ ಹಂತ. ಡೀಸೆಲ್ ಎಂಜಿನ್‌ಗೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್, ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ವ್ಯವಸ್ಥೆ, ಅವನ್ನು ಕಾಯುವ ಸೆನ್ಸರುಗಳು ಸೇರಿದವು. ಅದು ನಿಜವಾದ ಖರ್ಚು.

ಜಿಎಸ್‌ಟಿ ಇಳಿಕೆಯೂ ನಿಜ. ಸರಕು ವಾಹನಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಬಂತು. ತೆರಿಗೆ ಸೇರದ ಬೆಲೆ 8,00,000 ಇದ್ದ ಗಾಡಿಗೆ ಮೊದಲು 10,24,000 ಆಗುತ್ತಿತ್ತು, ಈಗ 9,44,000. ಇನ್‌ವಾಯ್ಸ್‌ನಲ್ಲಿ ತೆರಿಗೆ ಸೇರದ ಬೆಲೆ, ಜಿಎಸ್‌ಟಿ ಎರಡೂ ಬೇರೆಬೇರೆ ಇರುತ್ತವೆ, ಅಲ್ಲೇ ಪರೀಕ್ಷಿಸಿ. ಎಸಿ ಕ್ಯಾಬಿನ್ ಕಡ್ಡಾಯವಾದ್ದರಿಂದ ದರ ಏರಿತು ಎಂಬ ಮಾತನ್ನು ಪಿಕಪ್‌ಗೆ ನಂಬಬೇಡಿ. 2025ರ ಅಕ್ಟೋಬರ್‌ನಿಂದ ಬಂದ ಆ ನಿಯಮ ಒಟ್ಟು ತೂಕ 3.5 ಟನ್ ಮೀರಿದ ಲಾರಿಗಳದ್ದು.

ನಿಮಗೊಂದು ಎಚ್ಚರಿಕೆ. ಬೆಳಗ್ಗೆ ಐದಾರು ಕಿಲೋಮೀಟರ್ ನಿಂತು ನಿಂತು ಓಡುವ ಹಾಲಿನ ಲೈನಿಗೆ ಬಿಎಸ್ 6 ಡೀಸೆಲ್ ಹೊಂದುವುದಿಲ್ಲ. ಡಿಪಿಎಫ್‌ನಲ್ಲಿ ತುಂಬಿದ ಮಸಿ ಸುಟ್ಟುಹೋಗಲು ಎಂಜಿನ್ ಬಿಸಿಯಾಗಿ, ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಆಗದಿದ್ದರೆ ಲೈಟ್ ಹತ್ತುತ್ತದೆ, ಪಿಕಪ್ಪು ಎಳೆಯುವುದಿಲ್ಲ, ಕೊನೆಗೆ ವರ್ಕ್‌ಶಾಪ್‌ನಲ್ಲಿ ನಿಲ್ಲುತ್ತದೆ. ಸಿಎನ್‌ಜಿ, ಪೆಟ್ರೋಲ್ ಅಥವಾ ಎಲೆಕ್ಟ್ರಿಕ್ ಸಣ್ಣ ಗಾಡಿ ನೋಡಿ.

ಪ್ರಶ್ನೆ: ಶೋರೂಂನವರೇ ಸಾಲ ಕೊಡಿಸುತ್ತಾರೆ. 8 ಲಕ್ಷಕ್ಕೆ ಶೇ 7, ಐದು ವರ್ಷ, ತಿಂಗಳಿಗೆ 18,000 ಕಂತು. ಬ್ಯಾಂಕಿನಲ್ಲಿ ಶೇ 10.5 ಎಂದರು. ಶೋರೂಂನದೇ ವಾಸಿಯಲ್ಲವೇ?
— ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಉತ್ತರ: ಅಲ್ಲ. ಶೋರೂಂ ಹೇಳಿದ್ದು ಫ್ಲ್ಯಾಟ್ ದರ. 8 ಲಕ್ಷಕ್ಕೆ ವರ್ಷಕ್ಕೆ 56,000ದಂತೆ ಐದು ವರ್ಷಕ್ಕೆ 2,80,000 ಬಡ್ಡಿ, ಒಟ್ಟು 10,80,000, ಅದನ್ನು 60ರಿಂದ ಭಾಗಿಸಿದರೆ 18,000. ನೀವು ಅಸಲು ತೀರಿಸುತ್ತ ಹೋದರೂ ಬಡ್ಡಿ ಮಾತ್ರ ಪೂರ್ತಿ 8 ಲಕ್ಷಕ್ಕೇ ಬೀಳುತ್ತಿರುತ್ತದೆ. ಬ್ಯಾಂಕು ಹೇಳುವ ಇಳಿಕೆ ಬಾಕಿಯ ಲೆಕ್ಕದಲ್ಲಿ ಇದು ಸುಮಾರು ಶೇ 12.5 ಆಗುತ್ತದೆ. ಬ್ಯಾಂಕಿನ ಶೇ 10.5ಕ್ಕೆ ಕಂತು ಸುಮಾರು 17,200. ತಿಂಗಳಿಗೆ 800 ರೂ. ಅಂತರ ಎಂದರೆ ಐದು ವರ್ಷಕ್ಕೆ 48,000.

ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಕಾಗದ ಕೊಡಲೇಬೇಕು. ಅದರಲ್ಲಿ ಎಪಿಆರ್ ಎಂದು ಬರೆದಿರುವ ವಾರ್ಷಿಕ ದರದಲ್ಲಿ ಪ್ರೊಸೆಸಿಂಗ್ ಶುಲ್ಕವೂ ಸೇರಿರುತ್ತದೆ. ಎರಡು ಸಾಲಗಳನ್ನು ಆ ಒಂದು ಅಂಕಿಯಿಂದ ಹೋಲಿಸಿ. ಸಾಲದ ಮೊತ್ತಕ್ಕೆ ಜೀವವಿಮೆ ಸೇರಿಸಿಬಿಡುವುದುಂಟು, ಸಹಿಗೆ ಮುಂಚೆ ಹುಡುಕಿ ನೋಡಿ.

ಪ್ರಶ್ನೆ: ಪರ್ಮಿಟ್ ಮಾಡಿಸಿಕೊಡಲು 5,000 ರೂ. ಕೇಳಿದ್ದಾರೆ. ಬೇಕೇ? ಕಾರಿನ ಲೈಸೆನ್ಸಿನಲ್ಲಿ ಓಡಿಸಬಹುದೇ?
— ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಗಾಡಿಯ ಒಟ್ಟು ತೂಕ, ಅಂದರೆ ಜಿವಿಡಬ್ಲ್ಯೂ, 3,000 ಕೆ.ಜಿ. ಮೀರದಿದ್ದರೆ ಮೋಟಾರು ವಾಹನ ಕಾಯ್ದೆಯ 66(3)ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಬೇಡ. ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರದಲ್ಲಿ, ಅಂದರೆ ಫಾರಂ 21ರಲ್ಲಿ, ತೂಕ ನೋಡಿ. ಲೈಸೆನ್ಸಿನ ಮಾತು: 7,500 ಕೆ.ಜಿ. ಒಳಗಿನ ಸಾರಿಗೆ ವಾಹನಕ್ಕೆ ಎಲ್‌ಎಂವಿ ಲೈಸೆನ್ಸ್ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಅದೇ ಫಾರಂನಲ್ಲಿ ತಯಾರಾದ ತಿಂಗಳು, ವರ್ಷವನ್ನೂ ನೋಡಿ. ಹಳೆಯ ಸ್ಟಾಕ್ ಆಗಿದ್ದರೆ ರಿಯಾಯಿತಿ ಕೇಳುವುದು ನಿಮ್ಮ ಹಕ್ಕಿನಂತೆಯೇ. ಮರುಮಾರಾಟದಲ್ಲಿ ವರ್ಷ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ನಾನು ಟೆಕ್ಸಸ್‌ನಲ್ಲಿದ್ದೇನೆ. ಹೊಸ ಪಿಕಪ್ ಟ್ರಕ್ಕಿನ ಕಿಟಕಿಯಲ್ಲಿ ಕಂಪನಿಯ ಲೇಬಲ್ ಪಕ್ಕ ಡೀಲರ್ ಇನ್ನೊಂದು ಲೇಬಲ್ ಅಂಟಿಸಿ 'ಮಾರ್ಕೆಟ್ ಅಡ್ಜಸ್ಟ್‌ಮೆಂಟ್ 5,000 ಡಾಲರ್' ಎಂದು ಬರೆದಿದ್ದಾರೆ. ಇದು ಕಾನೂನುಬದ್ಧವೇ?
— ಓದುಗರು, ಆಸ್ಟಿನ್

ಉತ್ತರ: ಕಾನೂನುಬದ್ಧವೇ. ಎಂಎಸ್‌ಆರ್‌ಪಿ ಎಂಬುದು ಕಂಪನಿ ಸೂಚಿಸುವ ಬೆಲೆಯಷ್ಟೇ. ಡೀಲರ್ ಸ್ವತಂತ್ರ ವ್ಯಾಪಾರಿ. 2021-22ರ ಚಿಪ್ ಕೊರತೆಯ ಕಾಲದಲ್ಲಿ ಈ ಲೇಬಲ್ ಎಲ್ಲೆಡೆ ಹರಡಿತು. ಅಲ್ಲಿ ಪಿಕಪ್ ದುಬಾರಿಯಾಗಲು ಇನ್ನೊಂದು ಹಳೆಯ ಕಾರಣವಿದೆ: 1964ರಿಂದ ಆಮದು ಲಘು ಟ್ರಕ್ಕಿನ ಮೇಲೆ ಶೇ 25 ಸುಂಕ. ಯುರೋಪು ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಹಾಕಿದ್ದಕ್ಕೆ ಪ್ರತಿಯಾಗಿ ಬಂದದ್ದು, ಇಂದಿಗೂ ಹೋಗಿಲ್ಲ. ಹೊರಗಿನ ಅಗ್ಗದ ಪಿಕಪ್‌ಗಳ ಪೈಪೋಟಿ ಇಲ್ಲದಿರುವುದು ಇದರಿಂದ.

ನೀವು ಮಾಡಬೇಕಾದ್ದು: ಎರಡು ಮೂರು ಗಂಟೆ ಡ್ರೈವಿನೊಳಗಿನ ಐದಾರು ಡೀಲರ್‌ಗಳಿಗೆ ಒಂದೇ ಮಾಡೆಲ್, ಒಂದೇ ಟ್ರಿಮ್ ಬರೆದು, ತೆರಿಗೆ, ಡಾಕ್ ಫೀ (ಕಾಗದಪತ್ರದ ಶುಲ್ಕ) ಎಲ್ಲ ಸೇರಿದ 'ಔಟ್ ದ ಡೋರ್' ಬೆಲೆಯನ್ನು ಇಮೇಲ್‌ನಲ್ಲಿ ಕೇಳಿ. ಟೈರಿಗೆ ನೈಟ್ರೋಜನ್, ಗಾಜಿನ ಮೇಲೆ ವಿನ್ (ವಾಹನದ ಗುರುತು ಸಂಖ್ಯೆ) ಕೆತ್ತನೆ, ಪೇಂಟ್ ಕೋಟಿಂಗ್ ಮೊದಲೇ ಹಾಕಿಯಾಗಿದೆ ಎಂದರೆ ಹಾಕದ ಗಾಡಿ ಕೇಳಿ. ಟೆಕ್ಸಸ್‌ನಲ್ಲಿ ವಾಹನ ಮಾರಾಟ ತೆರಿಗೆ ಶೇ 6.25, 5,000 ಡಾಲರ್ ಮಾರ್ಕಪ್ ಮೇಲೆ ಇನ್ನೂ 312.50 ಡಾಲರ್ ತೆರಿಗೆ ಕಟ್ಟುತ್ತೀರಿ. ಕಾಯಲು ಆಗುವುದಾದರೆ ಕಾರ್ಖಾನೆಗೆ ಆರ್ಡರ್ ಹಾಕಿಸಿ, ಗಾಡಿ ಬಂದಾಗ ಮಾರ್ಕಪ್ ಇಲ್ಲವೆಂದು ಡೀಲರ್ ಸಹಿಯೊಂದಿಗೆ ಪಡೆಯಿರಿ. ಹಳೆಯ ಗಾಡಿಯ ಬೆಲೆ, ಹೊಸದರ ಬೆಲೆ, ಸಾಲದ ಕಂತು ಮೂರನ್ನೂ ಒಂದೇ ಮಾತುಕತೆಯಲ್ಲಿ ಬೆರೆಸಬೇಡಿ. ಒಂದರಲ್ಲಿ ಬಿಟ್ಟದ್ದನ್ನು ಇನ್ನೊಂದರಲ್ಲಿ ಎಳೆದುಕೊಳ್ಳುತ್ತಾರೆ.

ಪ್ರಶ್ನೆ: ಹ್ಯಾಂಡ್ಲಿಂಗ್ ಎಂದು 12,000 ಕೊಟ್ಟು ಗಾಡಿ ತಂದಾಗಿದೆ. ವಾಪಸ್ ಸಿಗುತ್ತದೆಯೇ? ವ್ಯಾಪಾರಕ್ಕೆ ಕೊಂಡದ್ದು, ಗ್ರಾಹಕ ನ್ಯಾಯಾಲಯ ಒಪ್ಪುವುದಿಲ್ಲ ಎಂದು ಹೆದರಿಸುತ್ತಾರೆ.
— ಪಿಕಪ್ ಮಾಲೀಕರು, ರಾಣೆಬೆನ್ನೂರು

ಉತ್ತರ: ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡ ವಾಹನವನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶ ಎಂದು ಪರಿಗಣಿಸುವುದಿಲ್ಲ. ಹತ್ತಾರು ಗಾಡಿ ಓಡಿಸುವ ಕಂಪನಿಗೆ ಆ ರಕ್ಷಣೆ ಇಲ್ಲ, ನಿಮಗಿದೆ. ದೂರಿನಲ್ಲಿ ಈ ಮಾತನ್ನು ಸ್ಪಷ್ಟವಾಗಿ ಬರೆಯಿರಿ.

ಮೊದಲು ಡೀಲರ್‌ಗೂ ಕಂಪನಿಯ ಗ್ರಾಹಕ ವಿಭಾಗಕ್ಕೂ ಹಣ ಯಾವ ಸೇವೆಗೆ ಎಂದು ಕೇಳಿ ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಕಳಿಸಿ, 15 ದಿನ ಕೊಡಿ. ರಸೀದಿ ಇಲ್ಲದೆ ನಗದು ಕೊಟ್ಟಿದ್ದರೆ ಕೊಟೇಶನ್, ವಾಟ್ಸಾಪ್ ಸಂದೇಶ, ಬ್ಯಾಂಕಿನಿಂದ ಹಣ ತೆಗೆದ ದಾಖಲೆ ಜೋಡಿಸಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ; ಈ ಮಟ್ಟದ ಮೊತ್ತದಲ್ಲಿ ಇಲ್ಲೇ ರಾಜಿಯಾಗುವುದುಂಟು. ಆಗದಿದ್ದರೆ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗ. ಗಾಡಿಗೆ ಕೊಟ್ಟದ್ದು 5ರಿಂದ 10 ಲಕ್ಷದೊಳಗಿದ್ದರೆ ದೂರಿನ ಶುಲ್ಕ 200 ರೂ., 20 ಲಕ್ಷದೊಳಗಿದ್ದರೆ 400 ರೂ. ವಕೀಲರು ಕಡ್ಡಾಯವಲ್ಲ. ಹಣ ಕೊಟ್ಟ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು.