ಹಳೆಯ ಕ್ಯಾಮರೋ ಕಾರು ಕೊಳ್ಳುವ ಮುಂಚೆ ತಾರೀಕು ನೋಡಿ, ತುಕ್ಕು ನೋಡಿ

ಪ್ರಶ್ನೆ: ನಾವು ಡೆಟ್ರಾಯಿಟ್ ಹತ್ತಿರ ಇದ್ದೇವೆ. ಸ್ವಂತ ಊರು ಹಾಸನ. ಪ್ರತಿ ಆಗಸ್ಟ್‌ನಲ್ಲಿ ವುಡ್‌ವರ್ಡ್ ರಸ್ತೆಯ ಡ್ರೀಮ್ ಕ್ರೂಸ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಹಳೆಯ ಕಾರುಗಳ ಸಾಲು ನೋಡುತ್ತಾ ನಿಂತರೆ ಸಂಜೆ ಆಗಿದ್ದೇ ಗೊತ್ತಾಗುವುದಿಲ್ಲ. ಈಗ ಒಂದು 1969ರ ಷೆವ್ರೊಲೆ ಕ್ಯಾಮರೋ ಎಸ್‌ಎಸ್ ಮಾರಾಟಕ್ಕಿದೆ. ಕಿತ್ತಳೆ ಬಣ್ಣ, 350 (ಘನ ಇಂಚಿನ) ಎಂಜಿನ್, ನಾಲ್ಕು ಗೇರ್. 58 ಸಾವಿರ ಡಾಲರ್ ಹೇಳುತ್ತಿದ್ದಾರೆ. ‘ನಂಬರ್ ಮ್ಯಾಚಿಂಗ್ ಕಾರು, ಅಂದರೆ ಹುಟ್ಟಿದಾಗಿನ ಎಂಜಿನ್ನೇ ಇದೆ, ಪೂರ್ತಿ ರಿಸ್ಟೋರ್ ಆಗಿದೆ’ ಎನ್ನುತ್ತಾರೆ. ಅವರು ಕಳಿಸಿದ ಫೋಟೊಗಳಲ್ಲಿ ಕಂಡಿದ್ದು ಇಷ್ಟು: ಕಾರಿನ ನಂಬರ್ (ನಂಬರ್ ಪ್ಲೇಟಿನದಲ್ಲ, ಕಾರ್ಖಾನೆ ಕೊಟ್ಟ ಗುರುತಿನ ನಂಬರ್) 124379 ಎನ್ ಎಂದು ಶುರುವಾಗುತ್ತದೆ. ಬಾನೆಟ್ ಒಳಗಿನ ತಗಡಿನ ಚೀಟಿಯಲ್ಲಿ ‘03ಬಿ’ ಎಂದೂ ಬಣ್ಣದ ಜಾಗದಲ್ಲಿ ‘71’ ಎಂದೂ ಇದೆ. ಎಂಜಿನ್ ಬ್ಲಾಕ್‌ನ ಹಿಂಭಾಗದಲ್ಲಿ ‘ಡಿ 22 9’ ಎಂದಿದೆ. ಎಂಜಿನ್ ಮುಂಭಾಗದಲ್ಲಿ ಕೊರೆದ ನಂಬರ್ ಕಾರಿನ ನಂಬರ್ ಜೊತೆ ಸರಿಯಾಗಿ ಹೊಂದುತ್ತದೆ. ತಗೊಳ್ಳಬಹುದಾ ಸರ್?

ಉತ್ತರ: ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಎಂಜಿನ್ ಆ ಕಾರಿನ ಜೊತೆ ಹುಟ್ಟಿದ್ದಲ್ಲ. ಇದನ್ನು ತಿಳಿಯಲು ಕಾರಿನ ಹತ್ತಿರ ಹೋಗಬೇಕಾಗಿಯೂ ಇಲ್ಲ. ನೀವೇ ಬರೆದ ನಂಬರ್‌ಗಳಲ್ಲಿ ಉತ್ತರ ಇದೆ.

‘03ಬಿ’ ಎಂದರೆ ಬಾಡಿ ತಯಾರಾಗಿದ್ದು ಮಾರ್ಚ್ ತಿಂಗಳ ಎರಡನೇ ವಾರ. ‘ಡಿ 22 9’ ಎನ್ನುವುದು ಎಂಜಿನ್ ಬ್ಲಾಕ್ ಎರಕ ಹೊಯ್ದ ತಾರೀಕು. ಎ ಎಂದರೆ ಜನವರಿ, ಹಾಗೇ ಎಣಿಸುತ್ತಾ ಬಂದರೆ ಡಿ ಎಂದರೆ ಏಪ್ರಿಲ್. ಅಂದರೆ ಏಪ್ರಿಲ್ 22. ಮಾರ್ಚ್‌ನಲ್ಲಿ ಕಟ್ಟಿದ ಕಾರಿಗೆ ಏಪ್ರಿಲ್‌ನಲ್ಲಿ ಎರಕ ಹೊಯ್ದ ಎಂಜಿನ್ ಕೂರಿಸಲು ಸಾಧ್ಯವೇ ಇಲ್ಲ, ಅಲ್ವಾ? ಮೊದಲು ಎರಕ, ಆಮೇಲೆ ಎಂಜಿನ್ ಜೋಡಣೆ, ಆಮೇಲೆ ಕಾರು. ಈ ಕ್ರಮ ಯಾವತ್ತೂ ತಪ್ಪುವುದಿಲ್ಲ. ಇನ್ನೊಂದು ವಿಷಯ. ಕೊನೆಯ ‘9’ ವರ್ಷದ ಕೊನೆಯ ಅಂಕಿ ಮಾತ್ರ. ಬ್ಲಾಕ್ ಮೇಲೆ 3970010 ಎಂಬ ನಂಬರ್ ಇದ್ದರೆ ಅದು 1979ರದ್ದೂ ಆಗಿರಬಹುದು. ಆ ನಂಬರಿನ ಬ್ಲಾಕ್ ಅಷ್ಟು ವರ್ಷ ಬಂದಿದೆ.

ಹಾಗಾದರೆ ಮುಂಭಾಗದ ನಂಬರ್ ಹೇಗೆ ಹೊಂದಿತು? ಅದೇ ನನಗೆ ಬೇಜಾರಾದ ಸಂಗತಿ. ವಾರಂಟಿಯಲ್ಲಿ ಕಂಪನಿಯೇ ಬೇರೆ ಎಂಜಿನ್ ಹಾಕಿಕೊಟ್ಟಿದ್ದರೆ ಅದರ ಮೇಲೆ ‘ಸಿಇ’ ಎಂಬ ಗುರುತು ಇರುತ್ತಿತ್ತು, ಕಾರಿನ ನಂಬರ್ ಇರುತ್ತಿರಲಿಲ್ಲ. ಎರಕದ ತಾರೀಕು ಕಾರಿಗಿಂತ ಆಮೇಲಿನದು, ನಂಬರ್ ಮಾತ್ರ ಕಾರಿನದೇ. ಇವೆರಡೂ ಒಟ್ಟಿಗೆ ಬಂದರೆ ಯಾರೋ ಹಳೆಯ ನಂಬರ್ ಉಜ್ಜಿ ತೆಗೆದು ಹೊಸದಾಗಿ ಕೊರೆದಿದ್ದಾರೆ ಎಂದೇ ಅರ್ಥ. ಈಗಿನ ಮಾಲೀಕರೇ ಮಾಡಿದರು ಎನ್ನಲಾಗದು. ಅವರಿಗೂ ಯಾರೋ ಹೀಗೇ ಮಾರಿರಬಹುದು. ಮಾತಾಡುವಾಗ ಅದನ್ನು ನೆನಪಿಟ್ಟುಕೊಳ್ಳಿ.

ನೀವು ಕಣ್ಣಾರೆ ನೋಡಬೇಕೆಂದರೆ ಒಂದು ಟಾರ್ಚ್, ಹಳೆ ಬಟ್ಟೆ, ಸ್ವಲ್ಪ ಥಿನ್ನರ್ ಒಯ್ಯಿರಿ. ಮಾಲೀಕರ ಒಪ್ಪಿಗೆ ಕೇಳಿ. ಸೀಟಿನಲ್ಲಿ ಕೂತವರ ಬಲಗಡೆಯ ಸಿಲಿಂಡರ್ ಹೆಡ್‌ನ ಮುಂದೆ, ಬ್ಲಾಕ್ ಮೇಲೆ ಎರಡು ಬೆರಳಗಲದ ಚಪ್ಪಟೆ ಜಾಗ ಸಿಗುತ್ತದೆ. ಮೇಲಿನ ಜಿಡ್ಡು, ಬಣ್ಣ ಒರೆಸಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕಾರ್ಖಾನೆಯಲ್ಲಿ ಬ್ಲಾಕ್ ಮೇಲ್ಮೈ ಹೆರೆದಾಗ ಮುಂದಿನಿಂದ ಹಿಂದಕ್ಕೆ ಬಾಚಣಿಗೆ ಎಳೆದ ಹಾಗೆ ಸಣ್ಣ ನೇರ ಗೆರೆಗಳು ಬಿದ್ದಿರುತ್ತವೆ. ಅಕ್ಷರಗಳು ಆ ಗೆರೆಗಳ ಮೇಲೆ ಕೂತಿರಬೇಕು. ನಾನೊಮ್ಮೆ ಒಹಾಯೊದಲ್ಲಿ ಒಂದು ಕಾರಿನ ಈ ಜಾಗ ಒರೆಸಿದಾಗ ಸ್ಟೀಲ್ ಪಾತ್ರೆ ಉಜ್ಜಿದ ಹಾಗೆ ಸುತ್ತು ಸುತ್ತು ಗೀರು ಕಂಡಿತ್ತು. ಅಕ್ಷರಗಳೂ ಹೊಸ ಹಾಗೆ ಚೂಪಾಗಿದ್ದವು. ಕೊಳ್ಳಲು ಬಂದಿದ್ದ ಹುಡುಗ ಮಾತೇ ಆಡಲಿಲ್ಲ. ಮುಂಗಡ ಕೊಟ್ಟಾಗಿತ್ತು. ಆ ಮುಖ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ. ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಬಣ್ಣದ ವಿಷಯ. 1969ರಲ್ಲಿ 71 ಎಂದರೆ ‘ಲೆಮಾನ್ಸ್ ಬ್ಲೂ’, ನೀಲಿ. ‘ಹಗರ್ ಆರೆಂಜ್’ ಎಂಬ ಹೆಸರುವಾಸಿ ಕಿತ್ತಳೆಗೆ 72. ಅಂದರೆ ಈ ಕಾರು ನೀಲಿಯಾಗಿ ಹುಟ್ಟಿದ್ದು. ಬಣ್ಣ ಬದಲಿಸುವುದು ತಪ್ಪಲ್ಲ, ಆದರೆ ಬೆಲೆ ಇಳಿಯುತ್ತದೆ. ಡ್ಯಾಶ್‌ಬೋರ್ಡ್ ಅಡಿಯಲ್ಲಿ, ಬಾಗಿಲ ಸಂದಿಯಲ್ಲಿ, ಡಿಕ್ಕಿಯ ಮೂಲೆಗಳಲ್ಲಿ ನೀಲಿ ಇಣುಕುತ್ತದಾ ನೋಡಿ. ಇಣುಕಿದರೆ ಆ ‘ಪೂರ್ತಿ ರಿಸ್ಟೋರ್’ ಎಷ್ಟು ಪೂರ್ತಿ ಎಂದು ನಿಮಗೇ ಗೊತ್ತಾಗುತ್ತದೆ.

ಇನ್ನು ಇದು ನಿಜಕ್ಕೂ ಎಸ್‌ಎಸ್ ಹೌದಾ? 124379 ಎನ್ ಎಂಬುದು ಹೇಳುವುದು ಇಷ್ಟೇ: ವಿ8 (ಎಂಟು ಸಿಲಿಂಡರ್) ಎಂಜಿನ್ನಿನ ಎರಡು ಬಾಗಿಲ ಕ್ಯಾಮರೋ, 1969ರ ಮಾಡೆಲ್, ಒಹಾಯೊದ ನಾರ್ವುಡ್ ಕಾರ್ಖಾನೆ. ಎಸ್‌ಎಸ್ ಎಂಬುದು ಆಗ ಹೆಚ್ಚು ಹಣ ಕೊಟ್ಟು ಹಾಕಿಸಿಕೊಳ್ಳುವ ಪ್ಯಾಕೇಜು. ಕಾರಿನ ನಂಬರ್‌ನಲ್ಲಿ ಅದರ ಸುಳಿವೇ ಇಲ್ಲ. ಹಾಗಾಗಿ ಮಾಮೂಲಿ ಕ್ಯಾಮರೋಗೆ ಬ್ಯಾಡ್ಜ್ ಅಂಟಿಸಿ ಎಸ್‌ಎಸ್ ಮಾಡುವುದು ಬಹಳ ಸುಲಭ. ಕಾರಿನ ಹಿಂದೆ ಮಲಗಿ ಆಕ್ಸಲ್ ನೋಡಿ. ಎಸ್‌ಎಸ್‌ಗೆ ಹಿಂದಿನ ಆಕ್ಸಲ್‌ನ ಮುಚ್ಚಳದಲ್ಲಿ 12 ಬೋಲ್ಟ್ ಇರಬೇಕು, ಲೀಫ್ ಸ್ಪ್ರಿಂಗ್‌ನಲ್ಲಿ ಹಲವು ಪಟ್ಟಿ ಇರಬೇಕು. 10 ಬೋಲ್ಟ್, ಒಂಟಿ ಪಟ್ಟಿ ಕಂಡರೆ ಅನುಮಾನ ಪಡಿ. 12 ಇದ್ದ ಮಾತ್ರಕ್ಕೆ ನಂಬಲೂ ಬೇಡಿ, ಅದನ್ನೂ ಆಮೇಲೆ ಹಾಕಿರಬಹುದು. ಕೊನೆಗೆ ಮಾತಾಡುವುದು ಕಾಗದ. ಕಾರಿಗೆ ಏನೇನು ಹಾಕಬೇಕೆಂದು ಬರೆದ ಕಾರ್ಖಾನೆಯ ಬಿಲ್ಡ್ ಶೀಟ್ ಇದೆಯಾ? ವಾರಂಟಿ ಪುಸ್ತಕದ ಜೊತೆ ಬರುತ್ತಿದ್ದ ‘ಪ್ರೊಟೆಕ್ಟ್-ಓ-ಪ್ಲೇಟ್’ ಎಂಬ ಲೋಹದ ಪಟ್ಟಿ ಇದೆಯಾ? ಇವುಗಳ ನಕಲೂ ಸಿಗುತ್ತವೆ, ಹಾಗಾಗಿ ತಿಳಿದವರಿಗೆ ತೋರಿಸಿ. ಪಾಂಟಿಯಾಕ್ ಕಾರುಗಳಿಗೆ ಹಳೆಯ ಬಿಲ್ ದಾಖಲೆ ತರಿಸಬಹುದು. ಫೋರ್ಡ್‌ಗೆ 1967ರ ಮಾಡೆಲ್‌ನಿಂದ ಈಚೆಗೆ ಮಾರ್ಟಿ ರಿಪೋರ್ಟ್ ಎಂಬ ಕಾರ್ಖಾನೆ ದಾಖಲೆ ಸಿಗುತ್ತದೆ. ಅಮೆರಿಕದಲ್ಲಿ ಮಾರಿದ ಈ ಕಾಲದ ಷೆವ್ರೊಲೆಗೆ ಆ ಅನುಕೂಲ ಇಲ್ಲ. ಕಾರಿನ ಹಿಂದಿನ ಇತಿಹಾಸ ಹೇಳುವ ಕಾರ್‌ಫ್ಯಾಕ್ಸ್ ರಿಪೋರ್ಟ್ ಕೂಡ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ 17 ಅಂಕಿಯ ನಂಬರ್ ಬೇಕು, ಅದು ಬಂದಿದ್ದು 1981ರಲ್ಲಿ.

ಇಷ್ಟೆಲ್ಲ ಹೇಳಿದೆ ಅಂತ ಈ ಕಾರನ್ನು ಈಗಲೇ ಕೈಬಿಡಬೇಕಾಗಿಲ್ಲ. ನನ್ನ ಕೇಳಿದರೆ ಎಂಜಿನ್‌ಗಿಂತ ಬಾಡಿ ದೊಡ್ಡದು. 350 ಎಂಜಿನ್ ರಿಪೇರಿ ಮಾಡುವವರು ಊರಿಗೆ ಹತ್ತು ಜನ ಸಿಗುತ್ತಾರೆ. ತುಕ್ಕು ತಿಂದ ಬಾಡಿ ಸರಿ ಮಾಡಲು ಹೋದರೆ ಖರ್ಚಿಗೆ ತಳವೇ ಇರುವುದಿಲ್ಲ. ನಿಮ್ಮದು ಮಿಶಿಗನ್. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಜಾಗ. 1969ರಿಂದ ಒಂದೈದು ಚಳಿಗಾಲ ಓಡಿದ್ದರೂ ಉಪ್ಪು ತನ್ನ ಕೆಲಸ ಮಾಡಿರುತ್ತದೆ.

ಮೆತ್ತನೆ ಬಟ್ಟೆಯಲ್ಲಿ ಸುತ್ತಿದ ಸಣ್ಣ ಮ್ಯಾಗ್ನೆಟ್ ಒಯ್ಯಿರಿ. ಹಿಂದಿನ ಚಕ್ರದ ಹಿಂಬದಿ, ಮುಂದಿನ ಫೆಂಡರ್‌ನ ಕೆಳ ತುದಿ, ಬಾಗಿಲ ತಳ, ಇಲ್ಲೆಲ್ಲ ಇಟ್ಟು ನೋಡಿ. ಮೇಲೆ ಗಟ್ಟಿಯಾಗಿ ಹಿಡಿದ ಮ್ಯಾಗ್ನೆಟ್ ಕೆಳಗೆ ಬರುತ್ತಾ ಜಾರಿದರೆ ಒಳಗೆ ಪುಟ್ಟಿ ಇದೆ. ಬಣ್ಣದ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಬಣ್ಣ ಸುಮಾರು 100 ಮೈಕ್ರಾನ್. ಮತ್ತೆ ಬಣ್ಣ ಹೊಡೆಸಿದ್ದರೆ ಎರಡು ಮೂರು ಪಟ್ಟು ಆಗುತ್ತದೆ. 1000 ದಾಟಿದರೆ ಅಲ್ಲಿ ಟಿಂಕರಿಂಗ್ ಕೆಲಸ ಆಗಿದೆ, ಮೇಲೆ ಪುಟ್ಟಿ ಬಳಿದಿದ್ದಾರೆ.

ಹಿಂದಿನ ಗಾಜಿನ ಕೆಳ ಮೂಲೆಗಳನ್ನು ಬೆರಳಲ್ಲಿ ಒತ್ತಿ ನೋಡಿ. ಅಲ್ಲಿ ನೀರು ನಿಂತು, ತುಕ್ಕು ಹಿಡಿದು, ನೀರು ಡಿಕ್ಕಿಗೆ ಇಳಿಯುತ್ತದೆ. ಡಿಕ್ಕಿಯ ಚಾಪೆ ಎತ್ತಿ, ಎರಡೂ ಪಕ್ಕದ ತಗ್ಗುಗಳಲ್ಲಿ ಕೈ ಆಡಿಸಿ. ತೂತು, ತೇಪೆ, ಹೊಸ ಬೆಸುಗೆ ಕೈಗೇ ಗೊತ್ತಾಗುತ್ತವೆ. ರೂಫ್ ಮೇಲೆ ವಿನೈಲ್ ಹೊದಿಕೆ ಇದ್ದ ಕಾರಾದರೆ ಈ ಜಾಗವನ್ನು ಎರಡು ಸಲ ನೋಡಿ. ಹೊದಿಕೆ ಒದ್ದೆ ಹಿಡಿದಿಟ್ಟುಕೊಳ್ಳುತ್ತದೆ.

ಆಮೇಲೆ ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ. ಇದು ಇಲ್ಲದೆ ಕೊಳ್ಳಲೇಬೇಡಿ. ಈ ಕಾರಿನ ಮುಂದಿನ ಅರ್ಧದ ಚಾಸಿ ಬೋಲ್ಟ್ ಹಾಕಿ ಕೂರಿಸಿದ್ದು, ಹಿಂದಿನದು ಬಾಡಿಯ ಜೊತೆಗೇ ಬೆಸೆದಿದ್ದು. ಹಿಂದಿನ ಆಕ್ಸಲ್ ಮೇಲೆ ಹಾದುಹೋಗುವ ಉದ್ದನೆಯ ಪಟ್ಟಿಗಳು, ಲೀಫ್ ಸ್ಪ್ರಿಂಗ್‌ನ ಮುಂದಿನ ತುದಿ ಕೂರುವ ಜಾಗ, ಮುಂದಿನ ಚಾಸಿ ಬಾಡಿಗೆ ಸೇರುವ ಬೋಲ್ಟ್‌ಗಳ ಸುತ್ತ, ಈ ಮೂರೂ ಕಡೆ ಸ್ಕ್ರೂ ಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಒಳ್ಳೆಯ ಕಬ್ಬಿಣ ಠಣ್ ಎನ್ನುತ್ತದೆ. ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ತಳಕ್ಕೆಲ್ಲ ಹೊಸದಾಗಿ ದಪ್ಪ ಕಪ್ಪು ಲೇಪ ಬಳಿದಿದ್ದರೆ ಕೇಳಿ: ‘ಲೇಪ ಹಾಕುವ ಮುಂಚಿನ ಫೋಟೊ ಇದೆಯಾ?’ ಪ್ರಾಮಾಣಿಕವಾಗಿ ರಿಸ್ಟೋರ್ ಮಾಡಿಸಿದವರ ಹತ್ತಿರ ಫೋಟೊ ರಾಶಿ ಇರುತ್ತದೆ. ಅವರಿಗೆ ಅದನ್ನು ತೋರಿಸುವುದೇ ಸಂತೋಷ.

ವಿಂಡ್‌ಶೀಲ್ಡ್ ಒಳಗೆ ಕಾಣುವ ನಂಬರ್ ಪಟ್ಟಿಯ ರಿವೆಟ್‌ಗಳು ಹೂವಿನ ಆಕಾರದಲ್ಲಿರಬೇಕು. ಅದೇ ನಂಬರ್‌ನ ಭಾಗ ಬಾಡಿಯಲ್ಲಿ ಇನ್ನೆರಡು ಕಡೆ ಅಡಗಿದೆ. ಒಂದು ಹೀಟರ್ ಪೆಟ್ಟಿಗೆಯ ಹಿಂದೆ, ಇನ್ನೊಂದು ವೈಪರ್ ಹತ್ತಿರದ ಜಾಲರಿಯ ಕೆಳಗೆ. ಜಾಲರಿ ಬಿಚ್ಚುವುದು ದೊಡ್ಡ ಕೆಲಸವಲ್ಲ. 1969ರ ಕ್ಯಾಮರೋಗೆ ಈಗ ಹೊಸ ಬಾಡಿಯೇ ಪೂರ್ತಿಯಾಗಿ ಸಿಗುತ್ತದೆ. ಹಾಗಾಗಿ ಒಂದು ಕಾರಿನ ಪಟ್ಟಿ ಕಿತ್ತು ಇನ್ನೊಂದಕ್ಕೆ ಹೊಡೆದಿದ್ದರೆ ಅದು ಬರೀ ಬೆಲೆಯ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆ. ಅಂಥದ್ದರ ಹತ್ತಿರವೂ ಹೋಗಬೇಡಿ. ಟೈಟಲ್ (ಕಾರಿನ ಒಡೆತನದ ಪತ್ರ) ಮಾರುವವರ ಹೆಸರಲ್ಲೇ ಇರಬೇಕು, ಅದರ ನಂಬರ್ ಅಕ್ಷರ ಅಕ್ಷರ ಹೊಂದಬೇಕು.

ಓಡಿಸಿ ನೋಡುವ ದಿನ ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿ ಹೋಗಿ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ತಣ್ಣನೆ ಎಂಜಿನ್ ಸುಳ್ಳು ಹೇಳುವುದಿಲ್ಲ. ಶುರುವಿನಲ್ಲಿ ಒಂದು ಕ್ಷಣ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಹಳತಾಗಿದೆ, ಅದು ಸಣ್ಣ ಖರ್ಚು. ನೀಲಿ ಹೊಗೆ ನಿಲ್ಲದೆ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಬಿಳಿ ಹೊಗೆ ಬಿಸಿಯಾದ ಮೇಲೂ ಬರುತ್ತಿದ್ದರೆ ನೀರು ಒಳಗೆ ಸೇರುತ್ತಿದೆ. ಕಂಪ್ರೆಶನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಮಾಡಿಸಿ. ಎಂಟೂ ಸಿಲಿಂಡರ್‌ನ ಅಂಕಿ ಒಂದಕ್ಕೊಂದು ಹತ್ತಿರ ಇರುವುದು ಮುಖ್ಯ. ಟೈರ್ ಪಕ್ಕದ ನಾಲ್ಕಂಕಿ ತಾರೀಕನ್ನೂ ಓದಿ. ಮೇಲಿನ ಗುಂಡಿ ಸವೆಯದೆ ಚೆನ್ನಾಗಿದ್ದರೂ ಹದಿನೈದು ವರ್ಷ ಹಳೆಯದಾದ ಟೈರ್‌ನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಬೇಡಿ.

ಬಾಡಿ ಚೆನ್ನಾಗಿದ್ದು, ಅಡಗಿದ ನಂಬರ್‌ಗಳು ಹೊಂದಿದರೆ, ಇದನ್ನು ‘ಎಂಜಿನ್ ಬದಲಾದ, ಬಣ್ಣ ಬದಲಾದ, ಎಸ್‌ಎಸ್ ಎಂದು ಕಾಗದವಿಲ್ಲದ ಕ್ಯಾಮರೋ’ ಎಂದುಕೊಂಡು ಬೆಲೆ ಮಾತಾಡಿ. 58 ಸಾವಿರ ಅದಕ್ಕೆ ಜಾಸ್ತಿ. ತಾರೀಕಿನ ಲೆಕ್ಕವನ್ನು ಮಾಲೀಕರಿಗೆ ಸಮಾಧಾನವಾಗಿ ತೋರಿಸಿ. ಅವರು ಒಪ್ಪದಿದ್ದರೆ ಬಿಟ್ಟುಬಿಡಿ. 1969ರ ಮಾಡೆಲ್‌ನಲ್ಲಿ ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಕ್ಯಾಮರೋ ತಯಾರಾಗಿವೆ. ಇನ್ನೊಂದು ಸಿಗುತ್ತದೆ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಒಂದು 1966ರ ಮಸ್ಟಾಂಗ್ ಜಿಟಿ ನೋಡಿದೆ. ನಂಬರ್ 6ಆರ್07ಸಿ ಎಂದು ಶುರು. ತುಕ್ಕೇ ಇಲ್ಲ, ಒಣ ಹವೆಯ ಕಾರು ಎನ್ನುತ್ತಾರೆ. ಆದರೆ ಕಾಲಿಡುವ ಕಡೆ ಕಾರ್ಪೆಟ್ ತೆಗೆದುಬಿಟ್ಟಿದ್ದಾರೆ. ಏನಾದರೂ ಅನುಮಾನ ಪಡಬೇಕಾ?

ಉತ್ತರ: ಪಡಬೇಕು, ಎರಡು ವಿಷಯಕ್ಕೆ. 6 ಎಂದರೆ 1966, ಆರ್ ಎಂದರೆ ಸ್ಯಾನ್ ಹೋಸೆ ಕಾರ್ಖಾನೆ, 07 ಎಂದರೆ ಗಟ್ಟಿ ರೂಫ್ ಇರುವ ಹಾರ್ಡ್‌ಟಾಪ್, ಸಿ ಎಂದರೆ ಎರಡು ಬ್ಯಾರಲ್ ಕಾರ್ಬುರೇಟರ್‌ನ 289 ಎಂಜಿನ್. ಆ ವರ್ಷ ಜಿಟಿ ಪ್ಯಾಕೇಜು ಸಿ ಜಾಗದಲ್ಲಿ ಎ ಅಥವಾ ಕೆ ಅಕ್ಷರ ಬರುವ ಎಂಜಿನ್ ಇದ್ದರೆ ಮಾತ್ರ ಸಿಗುತ್ತಿತ್ತು. ಹಾಗಾಗಿ ಇದು ಕಾರ್ಖಾನೆಯ ಜಿಟಿ ಅಲ್ಲ. ಈ ಅಕ್ಷರವನ್ನು ಬಾಗಿಲ ತಗಡಿನಲ್ಲಿ ಓದಬೇಡಿ, ಅದನ್ನು ಬದಲಿಸುವುದು ಸುಲಭ. ಬಾನೆಟ್ ಎತ್ತಿ, ಡ್ರೈವರ್ ಕಡೆಯ ಒಳ ಫೆಂಡರ್ ಮೇಲೆ ಕೊರೆದಿದ್ದನ್ನು ಓದಿ.

ಕಾರ್ಪೆಟ್ ವಿಷಯಕ್ಕೆ ಒಂದು ತಂಬಿಗೆ ನೀರು ಸಾಕು. ವಿಂಡ್‌ಶೀಲ್ಡ್ ಕೆಳಗೆ ಗಾಳಿ ಒಳಬರುವ ಸೀಳುಗಳಿವೆ. ಅದರ ಅಡಿಯ ತೊಟ್ಟಿಯಂಥ ಜಾಗದಲ್ಲಿ ಎಲೆ, ಕಸ ಸೇರಿ ಕೊಳೆಯುತ್ತದೆ. ಮಳೆ ಕಡಿಮೆ ಇರುವ ಊರಲ್ಲೂ ಅಷ್ಟು ಒದ್ದೆ ಸಾಕು, ತೂತು ಬೀಳುತ್ತದೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಅಡಿ ನೋಡಲಿ, ಇನ್ನೊಬ್ಬರು ಮೇಲಿಂದ ಮೊದಲು ಒಂದು ಪಕ್ಕ, ಆಮೇಲೆ ಇನ್ನೊಂದು ಪಕ್ಕ ನಿಧಾನವಾಗಿ ನೀರು ಹಾಕಲಿ. ನೀರೆಲ್ಲ ಚಕ್ರದ ಹಿಂದೆ ಹೊರಗೆ ಇಳಿದರೆ ಸರಿ. ಒಳಗೆ ತೊಟ್ಟಿಕ್ಕಿದರೆ ಮೇಲಿನ ತಗಡಿನ ಬೆಸುಗೆ ಚುಕ್ಕೆಗಳನ್ನೆಲ್ಲ ಒಂದೊಂದಾಗಿ ಕೊರೆದು ಬಿಡಿಸಿ ರಿಪೇರಿ ಮಾಡಬೇಕು. ಕೂಲಿಯೇ ಜಾಸ್ತಿ. ಬೆಲೆ ಮಾತಾಡುವ ಮುಂಚೆ ಅದಕ್ಕೊಂದು ಎಸ್ಟಿಮೇಟ್ ಬರೆಸಿಕೊಳ್ಳಿ.

ಪ್ರಶ್ನೆ: 1970ರ ಷೆವ್ರೊಲೆ ಷೆವೆಲ್ ಕಾರಿನ 454 ಎಂಜಿನ್ನಿಗೆ 450 ಹಾರ್ಸ್‌ಪವರ್ ಎಂದಿದೆ. 1972ರ 454ಕ್ಕೆ 270 ಮಾತ್ರ. ಎರಡೇ ವರ್ಷಕ್ಕೆ ಇಷ್ಟು ಇಳಿಯಿತಾ?

ಉತ್ತರ: ಅರ್ಧ ಇಳಿಕೆ ನಿಜ, ಅರ್ಧ ಲೆಕ್ಕದ ವ್ಯತ್ಯಾಸ. 450 ಎನ್ನುವುದು ಎಲ್‌ಎಸ್6 ಎಂಬ ವಿಶೇಷ ಎಂಜಿನ್ನಿನದು, 1972ರದ್ದು ಎಲ್‌ಎಸ್5. 1971ರಿಂದ ಕಡಿಮೆ ಆಕ್ಟೇನ್ ಪೆಟ್ರೋಲ್‌ಗೆ ಹೊಂದಲು ಕಂಪ್ರೆಶನ್ ಇಳಿಸಿದರು. ಅದರ ಮೇಲೆ, 1971ರ ತನಕ ಎಂಜಿನ್ ಒಂದನ್ನೇ ಬೆಂಚಿನ ಮೇಲಿಟ್ಟು ಅಳೆದ ಅಂಕಿ ಹೇಳುತ್ತಿದ್ದರು. 1972ರಿಂದ ಸೈಲೆನ್ಸರ್, ಏರ್ ಫಿಲ್ಟರ್, ಫ್ಯಾನ್ ಎಲ್ಲ ಜೋಡಿಸಿ ಅಳೆದ ಅಂಕಿ ಹೇಳಲು ಶುರು ಮಾಡಿದರು. ಜಾಹೀರಾತಿನ ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ಬೆಲೆ ನಿರ್ಧರಿಸಬೇಡಿ. 1972ರ ಕಾರು ಕೊಳ್ಳುವವರಿಗೆ ಒಂದು ಅನುಕೂಲವೂ ಇದೆ. ಆ ವರ್ಷದಿಂದ ಷೆವ್ರೊಲೆ ಕಾರಿನ ನಂಬರ್‌ನಲ್ಲೇ ಎಂಜಿನ್ ಗುರುತಿನ ಅಕ್ಷರ ಬರುತ್ತದೆ. ಐದನೇ ಸ್ಥಾನ ನೋಡಿ.