ಒಬ್ಬಳೇ ಹೋದರೆ ಗೈಡ್ ಟೂರ್‌ನಲ್ಲಿ ಒಂಟಿ ಅನಿಸುತ್ತಾ?

ಪ್ರಶ್ನೆ: ನನಗೆ 46 ವರ್ಷ. ಮೊದಲ ಸಲ ಒಬ್ಬಳೇ ಹೊಸ ಊರಿಗೆ ನಾಲ್ಕು ದಿನದ ಮಟ್ಟಿಗೆ ಹೋಗುತ್ತಿದ್ದೇನೆ. ಅಲ್ಲಿಯ ಹಳೆಯ ಕಟ್ಟಡಗಳು, ಕಲೆ, ಜನರ ಬದುಕು ಇವನ್ನೆಲ್ಲ ತೋರಿಸುವ ಒಂದು ದಿನದ ಟೂರ್ ಇದೆಯಂತೆ. ಸೇರಬೇಕು ಅಂತ ಆಸೆ. ಆದರೆ ಅಲ್ಲಿ ಎಲ್ಲರೂ ಜೋಡಿಯಾಗಿ, ಸಂಸಾರ ಸಮೇತ ಬಂದಿರುತ್ತಾರೆ. ನಾನೊಬ್ಬಳೇ ಮೂಲೆಯಲ್ಲಿ ನಿಂತಿರಬೇಕಾಗುತ್ತದೇನೋ ಅನ್ನುವ ಅಳುಕು. ಒಬ್ಬರೇ ಅಂತ ಜಾಸ್ತಿ ದುಡ್ಡು ಕೇಳುತ್ತಾರಾ?

ಉತ್ತರ: ಖಂಡಿತ ಸೇರಿ. ಅದರಲ್ಲೂ ಮೊದಲ ದಿನವೇ ಸೇರಿ. ಕೊನೆಯ ದಿನಕ್ಕೆ ಇಟ್ಟುಕೊಂಡರೆ ತಿಳಿದದ್ದನ್ನು ಬಳಸಿಕೊಳ್ಳಲು ಸಮಯವೇ ಉಳಿಯುವುದಿಲ್ಲ. ಮೊದಲ ದಿನ ಹೋದರೆ ಊರಿನ ದಿಕ್ಕುದೆಸೆ ಗೊತ್ತಾಗುತ್ತದೆ, ಯಾವ ಜಾಗಕ್ಕೆ ಮತ್ತೆ ನಿಧಾನವಾಗಿ ಬರಬೇಕು ಅನ್ನುವುದೂ ತಿಳಿಯುತ್ತದೆ. ಉಳಿದ ಮೂರು ದಿನ ನೀವೊಬ್ಬರೇ ಧೈರ್ಯವಾಗಿ ಓಡಾಡುತ್ತೀರಿ.

ದುಡ್ಡಿನ ವಿಷಯ. ಒಬ್ಬರಿಗೆ ಜಾಸ್ತಿ ಬೀಳುವುದು ಹೆಚ್ಚಾಗಿ ಹಲವು ದಿನದ ಟೂರ್‌ಗಳಲ್ಲಿ, ಯಾಕೆಂದರೆ ಅಲ್ಲಿ ರೂಮಿನ ಬೆಲೆಯನ್ನು ಇಬ್ಬರ ಲೆಕ್ಕದಲ್ಲಿ ಹಾಕಿರುತ್ತಾರೆ. ಒಂದು ದಿನದ ಗುಂಪು ಟೂರ್ ಸಾಮಾನ್ಯವಾಗಿ ಸೀಟಿನ ಲೆಕ್ಕ, ಅಲ್ಲಿ ಆ ತೊಂದರೆ ಇಲ್ಲ. ಪ್ರೈವೇಟ್ ಟೂರ್ ಮಾತ್ರ ಬೇರೆ. ಒಬ್ಬರಿರಲಿ ನಾಲ್ವರಿರಲಿ, ಗಾಡಿ ಮತ್ತು ಗೈಡ್ ಖರ್ಚು ಅಷ್ಟೇ, ಹಂಚಿಕೊಳ್ಳಲು ನಿಮಗೆ ಯಾರೂ ಇರುವುದಿಲ್ಲ. ಬುಕಿಂಗ್ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಕನಿಷ್ಠ ಇಬ್ಬರು’ ಅಂತ ಇದೆಯಾ ನೋಡಿ. ಸಾಕಷ್ಟು ಜನ ಸೇರದಿದ್ದರೆ ಟೂರ್ ಕ್ಯಾನ್ಸಲ್ ಆಗುವುದೂ ಉಂಟು, ಹಾಗಾದರೆ ಯಾವಾಗ ತಿಳಿಸುತ್ತೀರಿ, ದುಡ್ಡು ಪೂರ್ತಿ ವಾಪಸ್ ಬರುತ್ತದಾ ಅಂತ ಮೊದಲೇ ಕೇಳಿಬಿಡಿ.

ಇನ್ನು ನಿಮ್ಮ ಅಳುಕು. ನನ್ನ ಮೊದಲ ಟೂರ್‌ನಲ್ಲಿ ನಾನು ಬಸ್ಸಿನ ಕೊನೆಯ ಸಾಲಿನಲ್ಲಿ ಹೋಗಿ ಕೂತೆ, ಗೈಡ್ ಹೇಳಿದ್ದು ಅರ್ಧ ಕೇಳಲಿಲ್ಲ, ಬಿಡುವಿನಲ್ಲಿ ಫೋನ್ ನೋಡುತ್ತಾ ನಿಂತೆ, ನಿಜಕ್ಕೂ ಒಂಟಿ ಅನಿಸಿತು. ಮುಂದಿನ ಸಲ ಮೊದಲ ಸಾಲಿನಲ್ಲಿ ಕೂತು, ಇಳಿದು ನಡೆಯುವಾಗ ಗೈಡ್ ಪಕ್ಕದಲ್ಲೇ ಹೆಜ್ಜೆ ಹಾಕಿದೆ. ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯುವ ಆ ಹತ್ತು ನಿಮಿಷದಲ್ಲಿ ಗೈಡ್‌ಗಳು ಎಲ್ಲರ ಮುಂದೆ ಹೇಳದ ಎಷ್ಟೋ ವಿಷಯ ಹೇಳುತ್ತಾರೆ: ಚಿಕ್ಕಂದಿನಲ್ಲಿ ಆ ಬೀದಿ ಹೇಗಿತ್ತು, ಈಗ ಅಲ್ಲಿ ಯಾರು ಇದ್ದಾರೆ, ಹೀಗೆ. ಜೋಡಿಯಾಗಿ ಬಂದವರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ ಅಲ್ವಾ? ಆ ಮಾತು ಸಿಗುವುದು ಒಬ್ಬರೇ ಬಂದವರಿಗೆ.

ಅದಕ್ಕೇ ಟೂರ್ ಆರಿಸುವಾಗ ಜಾಗಗಳ ಪಟ್ಟಿ ಎಷ್ಟು ಉದ್ದ ಇದೆ ಅಂತ ನೋಡಬೇಡಿ. ಗುಂಪು ಎಷ್ಟು ಚಿಕ್ಕದು ಅಂತ ನೋಡಿ. ನಲವತ್ತು ಜನರ ಬಸ್ಸಿನಲ್ಲಿ ಎಲ್ಲರೂ ಇಳಿದು ಹತ್ತಲು ಒಂದು ಕಡೆಗೆ ಹತ್ತು ನಿಮಿಷ ಅಂತಿಟ್ಟುಕೊಂಡರೂ ಏಳು ಜಾಗಕ್ಕೆ 70 ನಿಮಿಷ ಸುಮ್ನೆ ಹೋಗುತ್ತದೆ. ಹತ್ತು ಹನ್ನೆರಡು ಜನ, ಮೂರೋ ನಾಲ್ಕೋ ಜಾಗ ಇದ್ದರೆ ಒಂದು ಕೆತ್ತನೆಯ ಮುಂದೆ ನಿಂತು ನೋಡಲು ಪುರುಸೊತ್ತು ಸಿಗುತ್ತದೆ. ವಿವರಣೆ ಎಷ್ಟು ಭಾಷೆಯಲ್ಲಿ ಅಂತಲೂ ಕೇಳಿ. ಒಂದೇ ಮಾತನ್ನು ಮೂರು ಭಾಷೆಯಲ್ಲಿ ಹೇಳಿದರೆ ನಿಮ್ಮ ಪಾಲಿಗೆ ಬರುವುದು ಮೂರನೇ ಒಂದು ಭಾಗ. ಅಂಗಡಿಗೆ ಕರೆದುಕೊಂಡು ಹೋಗುವುದಿದೆಯಾ? ಅಲ್ಲಿ ಎಷ್ಟೋ ಸಲ ಕಮಿಷನ್ ಇರುತ್ತದೆ, ಕೊಳ್ಳಲೇಬೇಕು ಅಂತೇನಿಲ್ಲ, ನಿಮ್ಮ ಸಮಯ ಮಾತ್ರ ಹೋಗುತ್ತದೆ.

ಗಾಡಿ ಓಡಿಸುತ್ತಾ ನಾಲ್ಕು ಮಾತು ಹೇಳುವವರು ಬೇರೆ, ತರಬೇತಿ ಪಡೆದ ಗೈಡ್ ಬೇರೆ. ಹಲವು ದೇಶಗಳಲ್ಲಿ ಇದಕ್ಕೆ ಪರೀಕ್ಷೆ, ಲೈಸೆನ್ಸ್ ಇದೆ. ಗೈಡ್‌ಗಳ ಸಂಘಗಳು ಸೇರಿ ಕಟ್ಟಿಕೊಂಡ ಜಾಗತಿಕ ಒಕ್ಕೂಟ 1985ರಿಂದ ಇದೆ. ಹಾಗಾಗಿ ಲೈಸೆನ್ಸ್ ಇದೆಯಾ ಅಂತ ಕೇಳಲು ಸಂಕೋಚ ಬೇಡ. ಊರಿನವರ ಜೊತೆ ಮಾತಾಡುತ್ತಾ ತಿರುಗುವುದೇ ನಿಮ್ಮ ಆಸೆಯಾದರೆ ‘ಗ್ರೀಟರ್’ ಅನ್ನುವ ಸ್ವಯಂಸೇವಕರನ್ನೂ ಹುಡುಕಿ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಈ ಪದ್ಧತಿ ಈಗ ಬೇರೆ ಬೇರೆ ದೇಶಗಳ ಊರುಗಳಲ್ಲಿದೆ, ದುಡ್ಡು ತೆಗೆದುಕೊಳ್ಳದೆ ತಮ್ಮ ಊರನ್ನು ತೋರಿಸುತ್ತಾರೆ. ‘ಉಚಿತ ವಾಕಿಂಗ್ ಟೂರ್’ ಅನ್ನುವುದು ಬೇರೆ. ಅಲ್ಲಿ ಟಿಪ್ಸೇ ಗೈಡ್‌ನ ಸಂಪಾದನೆ, ಇಷ್ಟವಾದರೆ ಕೈ ಬಿಚ್ಚಿ ಕೊಡಿ.

ಸಂಜೆ ಎಲ್ಲಿ ಬಿಡುತ್ತಾರೆ ಅಂತ ಬೆಳಿಗ್ಗೆಯೇ ಖಚಿತ ಮಾಡಿಕೊಳ್ಳಿ. ಹತ್ತಿಸಿಕೊಂಡ ಜಾಗದಲ್ಲೇ ಬಿಡುತ್ತಾರೆ ಅಂತ ಅಂದುಕೊಳ್ಳಬೇಡಿ. ಟೂರ್‌ನವರ ನಂಬರ್, ಮುಗಿಯುವ ಹೊತ್ತು ಮನೆಯವರಿಗೆ ಕಳಿಸಿ. ಜೊತೆಯವರು ಎಷ್ಟೇ ಒಳ್ಳೆಯವರಾಗಿರಲಿ, ರೂಮ್ ನಂಬರ್ ಹೇಳುವ ಅಗತ್ಯ ಇಲ್ಲ.

ಪ್ರಶ್ನೆ: ನೋಡುತ್ತಾ ನಿಂತು ಗುಂಪಿನಿಂದ ತಪ್ಪಿಹೋದರೆ? ನನ್ನನ್ನು ಹುಡುಕಲು ಜೊತೆಯಲ್ಲಿ ಯಾರೂ ಇರುವುದಿಲ್ಲವಲ್ಲ.

ಉತ್ತರ: ಹೊರಡುವ ಮೊದಲೇ ಗೈಡ್ ಹತ್ತಿರ ‘ನಾನು ಒಬ್ಬಳೇ ಬಂದಿದ್ದೇನೆ, ತಲೆ ಎಣಿಸುವಾಗ ಗಮನ ಇರಲಿ’ ಅಂತ ಹೇಳಿ, ಅವರ ನಂಬರ್ ತೆಗೆದುಕೊಳ್ಳಿ. ಬಸ್ಸಿನ ನಂಬರ್ ಪ್ಲೇಟ್ ಫೋಟೊ ತೆಗೆದಿಟ್ಟುಕೊಳ್ಳಿ. ತಪ್ಪಿಹೋದರೆ ಅಲ್ಲಿ ಇಲ್ಲಿ ಹುಡುಕುತ್ತಾ ಹೋಗಬೇಡಿ, ಕೊನೆಯ ಸಲ ಗುಂಪನ್ನು ನೋಡಿದ ಜಾಗಕ್ಕೇ ವಾಪಸ್ ಬಂದು ನಿಂತು ಫೋನ್ ಮಾಡಿ.